ಎರಡು ಸಾವಿರ ಅಡಿಕೆ ಮರದ ಲೆಕ್ಕ

ಆಂಧ್ರ-ಕರ್ನಾಟಕ ಗಡಿಯ ಮಡಕಶಿರಾ ಸೀಮೆಯ ಅಮರಾಪುರದಲ್ಲಿ ಸಿಕ್ಕಿದ ಒಂದು ಶಾಸನ ಶಕವರ್ಷ 1200ರದು, ಅಂದರೆ ಕ್ರಿ.ಶ. 1278. ಇರುಂಗೋಣ ಚೋಳನೆಂಬ ಮಹಾಮಂಡಲೇಶ್ವರ ಈ ನಾಡನ್ನು ಆಳುತ್ತಿದ್ದ ಕಾಲ. ಸಂಗಯನ ಬೊಮ್ಮಿಸೆಟ್ಟಿಯ ಮಗ ಮಲ್ಲಿಸೆಟ್ಟಿ ತಮ್ಮಡಹಳ್ಳಿಯಲ್ಲಿದ್ದ ಎರಡು ಸಾವಿರ ಅಡಿಕೆ ಮರಗಳ ತೋಟವನ್ನು ತೈಲಂಗೆರೆಯ ಪ್ರಸನ್ನ ಪಾರ್ಶ್ವದೇವರಿಗೆ ಬಿಟ್ಟುಕೊಟ್ಟ. ಅವನ ಗುರು ಬಾಲೇಂದು ಮಲಧಾರಿ. ದಾನದ ಉದ್ದೇಶವೂ ಕಲ್ಲಿನ ಮೇಲಿದೆ: ತೋಟದ ಹುಟ್ಟುವಳಿಯಿಂದ ಅಲ್ಲಿನ ಬ್ರಹ್ಮಜಿನಾಲಯವೆಂಬ ಬಸದಿಯನ್ನು ಬುಡದಿಂದ ಕಳಸದವರೆಗೆ ಕಲ್ಲಿನಲ್ಲೇ ಮತ್ತೆ ಕಟ್ಟಬೇಕು. ಮಹಾಮಂಟಪ, ಭದ್ರಮಂಟಪ, ಗೋಪುರ, ಮಾನಸ್ತಂಭ, ಮಕರತೋರಣ ಎಂದು ಕಟ್ಟಬೇಕಾದ ಭಾಗಗಳ ಪಟ್ಟಿಯೇ ಅಲ್ಲಿದೆ. ಪೂಜೆಗೆ ನಿಂತವನು ದೂರದ ಪಾಂಡ್ಯ ದೇಶದಿಂದ ಬಂದ ಜೈನ ಬ್ರಾಹ್ಮಣ.

ಮಲ್ಲಿಸೆಟ್ಟಿ ಹಣದ ಗಂಟನ್ನು ತಂದು ಒಪ್ಪಿಸಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ಕೊಟ್ಟದ್ದು ವರ್ಷವರ್ಷವೂ ಕೊಯ್ಲಿಗೆ ಬರುವ ಆದಾಯದ ಮೂಲ. ಅಡಿಕೆ ಒಂದು ಫಸಲಿಗೆ ಮುಗಿಯುವ ಬೆಳೆಯಲ್ಲ, ತಲೆಮಾರು ನಿಲ್ಲುವ ಮರ. ದೇಗುಲ ಕಟ್ಟುವ ಕೆಲಸವೂ ಒಂದು ವರ್ಷದ್ದಲ್ಲ. ಆದಾಯ ಎಷ್ಟು ಕಾಲ ಬರಬೇಕು, ಖರ್ಚು ಎಷ್ಟು ಕಾಲ ನಡೆಯುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ಯೋಚಿಸಿದ ವ್ಯಾಪಾರಿಯ ತಲೆ ಇದು.

ಈ ಶಾಸನವನ್ನು ಗೆರೆ ಎಳೆದ ಹಾಳೆಯ ಮೇಲೆ ಇಳಿಸುವುದು ಸುಲಭ. ದಾನಿಯ ಹೆಸರು, ತಂದೆಯ ಹೆಸರು, ಗುರು, ಕೊಟ್ಟ ವಸ್ತು, ಅದರ ಪ್ರಮಾಣ, ಅದು ಇರುವ ಊರು, ಯಾರಿಗೆ, ಯಾವುದಕ್ಕಾಗಿ, ಯಾವ ವರ್ಷ, ಆಗ ಆಳುತ್ತಿದ್ದವರು ಯಾರು. ಹತ್ತು ಕಾಲಂಗಳು ತಾವಾಗಿಯೇ ತುಂಬುತ್ತವೆ. ಇನ್ನೊಂದು ದಾನಶಾಸನ ತಂದರೆ ಅದೂ ಹೆಚ್ಚುಕಡಿಮೆ ಇದೇ ಕಾಲಂಗಳಲ್ಲಿ ಕೂರುತ್ತದೆ. ನೂರು ಶಾಸನ ತಂದರೆ ನೂರು ಸಾಲು. ಇಂದು ಒಂದು ದತ್ತಿಸಂಸ್ಥೆಯ ಕಂಪ್ಯೂಟರಿನಲ್ಲಿ ದಾನಿಗಳ ಪಟ್ಟಿಯನ್ನು ಡೇಟಾಬೇಸಿಗೆ ಹಾಕಿ, ‘ಯಾರು ಹೆಚ್ಚು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಯಾವ ವರ್ಷ ಕಡಿಮೆಯಾಯಿತು’ ಎಂದು ಕ್ವೆರಿ ಬರೆದು ಕೇಳುತ್ತಾರಲ್ಲ, ಆ ಕೆಲಸಕ್ಕೆ ಬೇಕಾದ ಅಚ್ಚುಕಟ್ಟು ಹದಿಮೂರನೆಯ ಶತಮಾನದ ಈ ಕಲ್ಲಿನಲ್ಲಿ ಆಗಲೇ ಇದೆ.

ಅನಂತಪುರದ ಗಡಿಸೀಮೆಯ ಕನ್ನಡ ದಾನಶಾಸನಗಳನ್ನು ಭಾಷೆ, ಧರ್ಮ, ರಾಜವಂಶಗಳ ಕಣ್ಣಿನಿಂದ ಬಹಳ ಓದಿದ್ದಾರೆ. ಅವನ್ನು ಲೆಕ್ಕದ ಕಡತಗಳೆಂದು ಓದಿದವರು ಕಡಿಮೆ. ಆದರೆ ಬರೆಸಿದವರ ಮನಸ್ಸಿನಲ್ಲಿ ಇದ್ದದ್ದು ಲೆಕ್ಕವೇ. ಮುಂದೊಂದು ದಿನ ಯಾರಾದರೂ ಬಂದು ‘ಈ ತೋಟ ಯಾರದು, ಇದರ ಹುಟ್ಟುವಳಿ ಎಲ್ಲಿಗೆ ಹೋಗಬೇಕು’ ಎಂದು ಕೇಳುತ್ತಾರೆ, ಆಗ ಉತ್ತರ ಸಿಗಬೇಕು ಎಂದೇ ಕಲ್ಲಿಗೆ ಹಾಕಿಸಿದರು. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವನ್ನು ಕೊನೆಗೆ ಸೇರಿಸುತ್ತಿದ್ದದ್ದೂ ಲೆಕ್ಕವನ್ನು ತಿದ್ದಲು ಬರುವ ಕೈಗೆ ಅಂಜಿಯೇ.

ಅಮರಾಪುರದ ಸೀಮೆಯಲ್ಲೇ ಹೇಮಾವತಿ ಇದೆ. ಶಾಸನಗಳಲ್ಲಿ ಅದರ ಹೆಸರು ಪೆಂಜೆರು, ಆಮೇಲೆ ಹೆಂಜೆರು. ಪಕಾರ ಹಕಾರವಾದ ಕನ್ನಡದ ದಾರಿ ಈ ಒಂದು ಊರಿನ ಹೆಸರಿನಲ್ಲೇ ಕಾಣುತ್ತದೆ. ಇದು ನೊಳಂಬ ಅರಸರ ರಾಜಧಾನಿಯಾಗಿತ್ತು. ಅವರ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾವಿರ ಎಂದೇ ಹೆಸರು. ಆ ಸಂಖ್ಯೆ ಊರುಗಳದೋ ಆದಾಯದ್ದೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ದೊಡ್ಡೇಶ್ವರ, ವಿರೂಪಾಕ್ಷ, ಮಲ್ಲೇಶ್ವರ ಗುಡಿಗಳು ಇಲ್ಲಿವೆ. ಲಿಂಗರೂಪದಲ್ಲಿ ಅಲ್ಲದೆ ಮನುಷ್ಯರೂಪದಲ್ಲಿ ಕುಳಿತ ಹೆಂಜೇರು ಸಿದ್ಧೇಶ್ವರನೂ ಇದ್ದಾನೆ. ಶಿವರಾತ್ರಿಯ ಜಾತ್ರೆಗೆ ಗಡಿಯ ಎರಡೂ ಕಡೆಯಿಂದ ಜನ ಸೇರುತ್ತಾರೆ. ನೊಳಂಬ ಕಂಬಗಳು ಚೋಳರ ದಂಡಿನ ಹಿಂದೆ ತಿರುವೈಯಾರಿನವರೆಗೆ ಹೋದವು. ಶಿಲ್ಪಗಳು ಮದ್ರಾಸಿನ ಮ್ಯೂಸಿಯಮ್ಮಿಗೆ ಹೋದವು. ನೊಳಂಬರ ಪೀಳಿಗೆಗಳನ್ನು ಹೇಳುವ ಶಾಸನಸ್ತಂಭ ಹೇಮಾವತಿಯದೇ.

ನೊಳಂಬರ ಮತ್ತು ಗಂಗರ ಕಾಲದ ಕಲ್ಲುಗಳನ್ನು ಕೋಷ್ಟಕಕ್ಕೆ ಹಾಕಲು ಕೂತವರಿಗೆ ಮೊದಲ ತೊಡಕು ‘ಯಾವುದಕ್ಕಾಗಿ’ ಎಂಬ ಕಾಲಮ್ಮಿನಲ್ಲೇ ಎದುರಾಗುತ್ತದೆ. ಬೆಂಗಳೂರಿನ ಹತ್ತಿರದ ಬೇಗೂರಿನ ಹೆಸರಾಂತ ವೀರಗಲ್ಲನ್ನೇ ನೋಡಿ. ವೀರಮಹೇಂದ್ರನ ಮೇಲೆ ಕಾದಿ ನಾಗತ್ತರನೆಂಬ ವೀರ ಸತ್ತ. ಗಂಗ ದೊರೆ ಎರೆಯಪ್ಪ ಅದನ್ನು ಕೇಳಿ ಇರುಗನೆಂಬವನಿಗೆ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಭೂಮಿ ಕೈ ಬದಲಾಯಿತು, ದಾಖಲೆ ಹುಟ್ಟಿತು. ಇದನ್ನು ದಾನ ಎನ್ನಬೇಕೇ, ಸಂಬಳ ಎನ್ನಬೇಕೇ, ಪರಿಹಾರ ಎನ್ನಬೇಕೇ? ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಎಂದು ಆ ಕಾಲದವರು ಇಟ್ಟ ಹೆಸರುಗಳನ್ನು ಇದ್ದ ಹಾಗೇ ಬರೆದುಕೊಳ್ಳುವುದು ಒಳ್ಳೆಯದು. ನಮ್ಮ ‘ಧರ್ಮಕಾರ್ಯ’ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿದರೆ ಆಮೇಲೆ ಬೇರೆ ಮಾಡಲು ಬರುವುದಿಲ್ಲ.

ಎರಡನೆಯ ತೊಡಕು ಅಳತೆ. ಮತ್ತರು, ಕಮ್ಮ, ಖಂಡುಗ, ಕೊಳಗ. ಗದ್ಯಾಣ, ಪಣ, ಹಾಗ, ವೀಸ. ಹೆಸರು ಒಂದೇ ಇದ್ದರೂ ಮತ್ತರು ಎಲ್ಲ ಕಡೆ ಒಂದೇ ಅಳತೆಯದಲ್ಲ, ಏಕೆಂದರೆ ಅಳೆಯುವ ಕೋಲು ಊರೂರಿಗೆ ಬೇರೆ. ಬಳ್ಳಿಗಾವಿಯಲ್ಲಿ ಗಂಡಭೇರುಂಡ ಕಂಬದ ಅಳತೆಗೆ ಹೊಂದಿಸಿದ ಭೇರುಂಡ ಗಳೆ ಎಂಬ ಕೋಲು ಬಳಕೆಯಲ್ಲಿತ್ತು. ಚಿನ್ನದ ನಾಣ್ಯಕ್ಕೆ ಲೊಕ್ಕಿಗದ್ಯಾಣ ಎಂದು ಟಂಕಸಾಲೆಯ ಊರನ್ನೇ ಸೇರಿಸಿ ಬರೆಯುತ್ತಿದ್ದರು. ಇವನ್ನೆಲ್ಲ ಕಣ್ಣುಮುಚ್ಚಿ ಕೂಡಿಸಿ ‘ಒಟ್ಟು ಇಷ್ಟು ಮತ್ತರು ದಾನ’ ಎಂದು ಕಂಪ್ಯೂಟರಿನಿಂದ ಉತ್ತರ ತೆಗೆಯಬಹುದು. ಅದು ತಪ್ಪು ಉತ್ತರವಾಗಿರುತ್ತದೆ. ಅಳತೆಯ ಕೋಲಿಗೇ ಒಂದು ಕಾಲಂ ಇಡಬೇಕು.

ವರ್ಷದ ಲೆಕ್ಕ ಇದಕ್ಕಿಂತ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ ಬಹುಮಟ್ಟಿಗೆ ಕ್ರಿಸ್ತಶಕ ಬರುತ್ತದೆ, ಕಂದಾಯದ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸಬೇಕು. ಸಂವತ್ಸರ, ತಿಥಿ, ವಾರ ಕೊಟ್ಟಿದ್ದರೆ ದಿನದವರೆಗೂ ಹೋಗಬಹುದು. ಈ ಪರಿವರ್ತನೆಗೆ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಒಂದು ಪುಸ್ತಕ ತಂದರು. ಆಮೇಲೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಸಂಪುಟಗಳು ಬಂದವು. ಕಂಪ್ಯೂಟರ್ ಬರುವ ಮುಂಚೆ ಶಾಸನ ವಿದ್ವಾಂಸರ ಮೇಜಿನ ಮೇಲೆ ಸದಾ ತೆರೆದಿರುತ್ತಿದ್ದ ಪುಸ್ತಕಗಳಿವು.

ಕಲ್ಲಿನ ಜೊತೆಗೆ ಬಟ್ಟೆಯ ದಾಖಲೆಯೂ ಇತ್ತು. ಹಳ್ಳಿಯ ಶಾನುಭೋಗ (ತೆಲುಗಿನಲ್ಲಿ ಕರಣಂ) ಇಡುತ್ತಿದ್ದ ಕಡತ ಅದು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಕಲ್ಲಿನ ಮೇಲೆ ಇದ್ದದ್ದು ದಾನದ ಮೂಲ ನಿಯಮ, ಕಡತದಲ್ಲಿದ್ದದ್ದು ವರ್ಷದ ವಸೂಲಿ, ಬಾಕಿ, ಯಾರು ಉಳುತ್ತಿದ್ದಾರೆ ಎಂಬ ವಿವರ. ಕರ್ನಲ್ ಮೆಕೆಂಜಿಯ ಜನ ಊರೂರು ತಿರುಗಿ ಕೈಫಿಯತ್ತುಗಳೆಂಬ ಊರ ವೃತ್ತಾಂತಗಳನ್ನು ಬರೆಸಿಕೊಂಡಾಗ ಊರಿನ ಗುಡಿಗಳು, ಮಾನ್ಯಗಳು, ಕೆರೆಗಳ ಮಾತು ಬಂದದ್ದು ಇಂಥ ಶಾನುಭೋಗರ ಬಾಯಿಂದ ಮತ್ತು ಕಡತದಿಂದ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು.

1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂಬ ಹೆಸರು ಹಾಗೆ ಬಂತು. ಕೊಟ್ಟ ನಾಡು ಎಂಬ ಅರ್ಥದ ಆ ಹೆಸರನ್ನು ಆಮೇಲೆ ರಾಯಲಸೀಮೆ ಎಂದು ಬದಲಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರ್. ಹೊಲ ಹೊಲವನ್ನೂ ಅಳೆಸಿದವನು ಅವನೇ. ಆ ಹೊತ್ತಿಗೆ ಸರ್ಕಾರದ ಮುಂದಿದ್ದ ದೊಡ್ಡ ಪ್ರಶ್ನೆ ಇನಾಮು: ಕಂದಾಯ ಕೊಡದ ಭೂಮಿ ಯಾವುದು, ಕೊಡದಿರಲು ಅದಕ್ಕೆ ಹಕ್ಕಿದೆಯೇ? 1802ರ ಮದ್ರಾಸು ರೆಗ್ಯುಲೇಷನ್ 31 ಕಂದಾಯವಿಲ್ಲದ ಭೂಮಿಗಳ ಹಕ್ಕನ್ನು ಪರೀಕ್ಷಿಸಲು, ಅವುಗಳ ರಿಜಿಸ್ಟರ್ ಇಡಲು ದಾರಿ ಮಾಡಿತು. ಮಂತ್ರಾಲಯದ ಮಠದ ಗ್ರಾಮವನ್ನು ಸರ್ಕಾರ ವಾಪಸು ಪಡೆಯಲು ಹೊರಟಾಗ ಮನ್ರೋ ಖುದ್ದಾಗಿ ವಿಚಾರಣೆಗೆ ಹೋದ, ಬೃಂದಾವನದ ಮುಂದೆ ರಾಯರೊಡನೆ ಮಾತಾಡಿದ ಎಂದು ಜನ ಹೇಳುವ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಭಕ್ತರು ಅದರಲ್ಲಿ ಪವಾಡವನ್ನು ಕಾಣುತ್ತಾರೆ. ಇತಿಹಾಸ ಓದುವವರಿಗೆ ಅದರಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ: ಒಂದು ದಾನದ ದಾಖಲೆ ಸರಿಯೇ ಎಂದು ಅಧಿಕಾರಿ ಸ್ಥಳಕ್ಕೇ ಹೋಗಿ ನೋಡಬೇಕಾಗಿದ್ದ ಕಾಲವದು.

ನಿಜವಾದ ದೊಡ್ಡ ಕೋಷ್ಟಕ ಹುಟ್ಟಿದ್ದು 1858ರ ನಂತರ. ಆ ವರ್ಷ ಮದ್ರಾಸು ಸರ್ಕಾರ ಇನಾಂ ಕಮಿಷನ್ ನೇಮಿಸಿತು, ಜಿ.ಎನ್. ಟೇಲರ್ ಮೊದಲ ಕಮಿಷನರ್. 1860ರ ದಶಕದುದ್ದಕ್ಕೂ ಡೆಪ್ಯುಟಿ ಕಲೆಕ್ಟರುಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಿ ಪ್ರತಿಯೊಂದು ಇನಾಮನ್ನೂ ವಿಚಾರಿಸಿ ಇನಾಂ ಫೇರ್ ರಿಜಿಸ್ಟರಿಗೆ ಏರಿಸಿದರು. ಅದರ ಕಾಲಂಗಳನ್ನು ಅಮರಾಪುರದ ಕಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ಊರು, ಎಷ್ಟು ಭೂಮಿ, ಯಾವ ಬಗೆಯ ಇನಾಮು, ಯಾರು ಕೊಟ್ಟರು, ಯಾವ ವರ್ಷ, ಮೊದಲು ಪಡೆದವರು ಯಾರು, ಈಗ ಅನುಭವಿಸುತ್ತಿರುವವರು ಯಾರು, ಸನ್ನದು (ದಾನಪತ್ರ) ಇದೆಯೇ, ಹಳೆಯ ರಿಜಿಸ್ಟರುಗಳಲ್ಲಿ ಯಾರ ಹೆಸರಿದೆ. ಕೊನೆಗೆ ಕಮಿಷನ್ನಿನ ತೀರ್ಮಾನ ಮತ್ತು ಟೈಟಲ್ ಡೀಡ್ ನಂಬರು.

ಕಲ್ಲು ಕೇಳದ ಪ್ರಶ್ನೆಗಳೂ ಇಲ್ಲಿ ಸೇರಿದವು. ‘ಈಗ ಯಾರ ಕೈಯಲ್ಲಿದೆ’ ಎಂಬುದು ಅಂಥದ್ದು. ಐವತ್ತು ವರ್ಷ ಅನುಭವಿಸಿದ್ದರೆ ಸನ್ನದು ಇಲ್ಲದಿದ್ದರೂ ಹಕ್ಕು ಎಂದು ಒಪ್ಪಿಕೊಳ್ಳುವ ನಿಯಮ ಇತ್ತು. ವೈಯಕ್ತಿಕ ಇನಾಮುಗಳಿಗೆ ಜೋಡಿ ಎಂಬ ಕಡಿಮೆ ಕಂದಾಯವನ್ನು ಒಂದಿಷ್ಟು ಕಟ್ಟಿಸಿಕೊಂಡು ಶಾಶ್ವತ ಮಾಡಿಕೊಟ್ಟರು. ದೇವಸ್ಥಾನ, ಛತ್ರ, ಅರವಟ್ಟಿಗೆಯಂಥವುಗಳ ಇನಾಮನ್ನು ಆ ಸೇವೆ ನಡೆಯುವವರೆಗೆ ಎಂದು ಖಾಯಂ ಮಾಡಿದರು. ದೇವದಾಯ, ಬ್ರಹ್ಮದಾಯ, ಧರ್ಮದಾಯ ಎಂಬ ಹಳೆಯ ಹೆಸರುಗಳೇ ಸರ್ಕಾರದ ವಿಂಗಡಣೆಯ ತಲೆಬರಹಗಳಾದವು. 1919ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ತೀರ್ಪಿನಲ್ಲಿ, ಈ ರಿಜಿಸ್ಟರನ್ನು ತಯಾರಿಸಿದ್ದು ರಾಜ್ಯದ ಒಂದು ಮಹಾಕಾರ್ಯ, ಅದರಲ್ಲಿನ ನಮೂದುಗಳಿಗೆ ಸಾಕ್ಷ್ಯವಾಗಿ ದೊಡ್ಡ ತೂಕವಿದೆ ಎಂದು ಹೇಳಿತು. ಆಂಧ್ರದ ಕೋರ್ಟುಗಳಲ್ಲಿ ಗುಡಿಮಾನ್ಯದ ವ್ಯಾಜ್ಯ ಬಂದಾಗ ವಕೀಲರು ಇಂದಿಗೂ ಹುಡುಕುವುದು ಆ ಟಿ.ಡಿ. ನಂಬರನ್ನೇ. ಡೇಟಾಬೇಸ್ ಕಟ್ಟುವವರು ಪ್ರತಿ ಸಾಲಿಗೂ ಬೇರೆಲ್ಲೂ ಬಾರದ ಒಂದು ಗುರುತುಸಂಖ್ಯೆ ಕೊಡುತ್ತಾರೆ, ಅದರ ಮೂಲಕವೇ ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುತ್ತಾರೆ. ಇನಾಂ ಕಮಿಷನ್ನಿನ ಗುಮಾಸ್ತರು ಶಾಯಿಯಲ್ಲಿ ಅದನ್ನೇ ಮಾಡಿದ್ದರು. ಎಡ್ಗರ್ ಕಾಡ್ ಸಂಬಂಧಿತ ಕೋಷ್ಟಕಗಳ ಸಿದ್ಧಾಂತವನ್ನು ಪ್ರಕಟಿಸಿದ್ದು 1970ರಲ್ಲಿ. ಕ್ವೆರಿಯ ಭಾಷೆಯಾದ ಎಸ್‌ಕ್ಯೂಎಲ್ ಐಬಿಎಂ ಕಂಪನಿಯಲ್ಲಿ ರೂಪುಗೊಂಡದ್ದು ಅದಾದ ನಾಲ್ಕು ವರ್ಷಕ್ಕೆ.

ಈ ರಿಜಿಸ್ಟರುಗಳಲ್ಲಿ ರಾಯದುರ್ಗ, ಮಡಕಶಿರಾದಂಥ ಒಣಸೀಮೆಗೆ ತೀರಾ ಹತ್ತಿರದ ಒಂದು ತಲೆಬರಹವಿದೆ: ದಶಬಂಧ. ಕೆರೆ, ಕಾಲುವೆ, ಬಾವಿ ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿಸುವವರಿಗೆ ಬಿಟ್ಟ ಭೂಮಿ ಅದು. ಬಳ್ಳಾರಿ, ಅನಂತಪುರ, ಕಡಪದ ಸೀಮೆಯಲ್ಲಿ ಇಂಥ ಇನಾಮು ಬಹಳ. ಭೂಮಿ ಅನುಭವಿಸಬೇಕಾದರೆ ಕೆರೆಯನ್ನು ನೋಡಿಕೊಳ್ಳಬೇಕು ಎಂಬುದು ಷರತ್ತು. ಹಳಗನ್ನಡ ಶಾಸನಗಳಲ್ಲಿ ಇದಕ್ಕೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಹೆಸರುಗಳಿವೆ. ಪೋರುಮಾಮಿಳ್ಳದ 1369ರ ಶಾಸನ ಈ ಪರಂಪರೆಯ ದೊಡ್ಡ ದಾಖಲೆ: ವಿಜಯನಗರದ ರಾಜಕುಮಾರ ಭಾಸ್ಕರ ಭವದೂರ ಕಟ್ಟಿಸಿದ ಕೆರೆಗೆ ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತು ಎಂದು ಅದು ಖರ್ಚಿನ ಲೆಕ್ಕವನ್ನೇ ಕೊಡುತ್ತದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಎಣಿಸುತ್ತದೆ.

ಹಗರಿ ಎಂದು ಜನ ಕರೆಯುವ ವೇದಾವತಿ ನದಿಗೆ ಭೈರವಾನಿತಿಪ್ಪದ ಬಳಿ ಅಣೆಕಟ್ಟು ಎದ್ದದ್ದು ಸ್ವಾತಂತ್ರ್ಯದ ನಂತರ. ಹಳೆಯ ಕೆರೆಗಳ ಹಾಗೆ ಅದು ದಾನದ್ದಲ್ಲ, ಸರ್ಕಾರದ ಹಣ, ಎಂಜಿನಿಯರರ ನಕ್ಷೆ. ಅದೇ ನದಿಗೆ ಮೇಲೆ ಚಿತ್ರದುರ್ಗ ಸೀಮೆಯಲ್ಲಿ ಮೈಸೂರು ಸಂಸ್ಥಾನ ಮಾರಿಕಣಿವೆಯ ಕಟ್ಟೆಯನ್ನು 1907ರಲ್ಲಿ ಮುಗಿಸಿತ್ತು. ಮೇಲೆ ನಿಂತ ನೀರು ಕೆಳಗೆ ಕಡಿಮೆಯೇ ಬರುತ್ತದೆ. ಭೈರವಾನಿತಿಪ್ಪದ ರೈತರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಸೀಮೆಯ ಕೆರೆಗಳ ದಾನಗಳನ್ನು ವರ್ಷವಾರು ಜೋಡಿಸಿ, ಬರಗಾಲದ ವರ್ಷಗಳ ಪಕ್ಕದಲ್ಲಿಟ್ಟು, ಯಾವ ಕಾಲದಲ್ಲಿ ಜನ ಕೆರೆಗೆ ಹೆಚ್ಚು ಕೊಟ್ಟರು, ಯಾವಾಗ ಗುಡಿಗೆ ಹೆಚ್ಚು ಕೊಟ್ಟರು ಎಂದು ಕೇಳಬಹುದು. ಇಂಥ ಒಂದು ಕ್ವೆರಿಗೆ ಉತ್ತರ ಸಿಕ್ಕರೆ ನೀರಾವರಿಯ ಇತಿಹಾಸಕ್ಕೆ ಅದು ದೊಡ್ಡ ಬೆಳಕು.

ಇಂಥ ಪ್ರಶ್ನೆಗಳನ್ನು ಬೇರೆ ಸೀಮೆಗಳಲ್ಲಿ ಕೇಳಿದ್ದಾರೆ. ಬರ್ಟನ್ ಸ್ಟೈನ್ 1960ರಲ್ಲಿ ತಿರುಪತಿಯ ಶಾಸನಗಳನ್ನು ಎಣಿಸಿ ನೋಡಿದರು. ದೇವರಿಗೆ ಬಂದ ಹಣ ದೇವಸ್ಥಾನದ ಹಳ್ಳಿಗಳಲ್ಲಿ ಕೆರೆ, ಕಾಲುವೆಗಳಿಗೆ ಹೋಗಿ, ಅದರಿಂದ ಹೆಚ್ಚಿದ ಬೆಳೆಯ ಪಾಲಿನಲ್ಲಿ ದಾನಿ ಹೇಳಿದ ನೈವೇದ್ಯ ನಡೆಯುತ್ತಿತ್ತು ಎಂದು ತೋರಿಸಿದರು. ಮಲ್ಲಿಸೆಟ್ಟಿಯ ಅಡಿಕೆ ತೋಟದ ಹಿಂದಿದ್ದ ಯೋಚನೆಯ ದೊಡ್ಡ ರೂಪ ಅದು. 1978ರಲ್ಲಿ ನೊಬೊರು ಕರಾಶಿಮ, ವೈ. ಸುಬ್ಬರಾಯಲು, ತೋರು ಮಾತ್ಸುಯಿ ಚೋಳ ಶಾಸನಗಳಲ್ಲಿ ಬರುವ ವ್ಯಕ್ತಿಗಳ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅನುಕ್ರಮಣಿಕೆ ತಂದರು. ಜೇಮ್ಸ್ ಹೈಟ್ಸ್‌ಮನ್ ಚೋಳರ ಕಾಲದ ದಾನಗಳನ್ನು ಅಂಕಿಗಳಾಗಿ ವಿಶ್ಲೇಷಿಸಿ 1997ರಲ್ಲಿ ಪುಸ್ತಕ ಬರೆದರು. ಲೆಸ್ಲಿ ಆರ್ ತಮಿಳು ಶಾಸನಗಳಲ್ಲಿ ದಾನ ಕೊಟ್ಟ ಹೆಂಗಸರನ್ನು ಎಣಿಸಿದರು. ರಾಜವಂಶದ ಕಥೆಗಳಲ್ಲಿ ಕಾಣದ ದೇವಸ್ಥಾನದ ಹೆಂಗಸರು ಆ ಎಣಿಕೆಯಲ್ಲಿ ದಾನಿಗಳಾಗಿ ಎದ್ದು ಬಂದರು.

ಗಡಿಸೀಮೆಗೆ ತೀರಾ ಹತ್ತಿರದ ಉದಾಹರಣೆ ಸಿಂಥಿಯಾ ಟಾಲ್ಬಟ್ ಅವರದು. ಕಾಕತೀಯರ ಕಾಲದ ಆಂಧ್ರದ ದಾನಶಾಸನಗಳನ್ನು ಅವರು ಒಂದೊಂದಾಗಿ ವಿಂಗಡಿಸಿದರು. 2001ರ ಅವರ ಪುಸ್ತಕ ಈ ಕೆಲಸದ ಫಲ. ದಾನಿಗಳ ಹೆಸರಿನ ಕೊನೆಗೆ ಬರುವ ರೆಡ್ಡಿ, ನಾಯಕ, ಸೆಟ್ಟಿ, ಬೋಯ ಮುಂತಾದ ಬಿರುದುಗಳನ್ನು ಬೇರೆ ಕಾಲಮ್ಮಿನಲ್ಲಿಟ್ಟು ನೋಡಿದಾಗ, ತಂದೆಗೆ ಒಂದು ಬಿರುದು, ಮಗನಿಗೆ ಇನ್ನೊಂದು ಇರುವುದು ಕಂಡಿತು. ಬಿರುದು ಹುಟ್ಟಿನಿಂದ ಬಂದ ಜಾತಿಯ ಗುರುತಾಗಿರಲಿಲ್ಲ. ಬದುಕಿನಲ್ಲಿ ಸಂಪಾದಿಸಿದ ಸ್ಥಾನವೂ ಆಗಿರಬಹುದಾಗಿತ್ತು. ಒಂದು ಶಾಸನವನ್ನು ಎಷ್ಟು ಸಲ ಓದಿದರೂ ಈ ಮಾತು ಸಿಗುವುದಿಲ್ಲ. ನೂರಾರು ಸಾಲುಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಸಿಗುತ್ತದೆ. ಕನ್ನಡದಲ್ಲಿ ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಸುಮಾರು ಏಳು ಶತಮಾನಗಳ ಶಾಸನಗಳನ್ನು ಹೀಗೆ ಒಟ್ಟಾಗಿ ಇಟ್ಟು ಜನಜೀವನವನ್ನು ಬರೆದರು, ಅದೂ ಕಂಪ್ಯೂಟರಿನ ನೆರವಿಲ್ಲದೆ.

ಎಣಿಕೆಗೂ ಮಿತಿಯಿದೆ ಎಂಬುದನ್ನು ಇವರೆಲ್ಲ ಬಲ್ಲರು. ಕಲ್ಲು ಕೆತ್ತಿಸಲು ಹಣ ಬೇಕು. ಹಬ್ಬದ ದಿನ ಗುಡಿಗೆ ಒಂದು ಕೊಳಗ ರಾಗಿ ತಂದು ಸುರಿದ ಹೆಂಗಸಿನ ದಾನ ಯಾವ ಕಲ್ಲಿನಲ್ಲೂ ಇಲ್ಲ. ಒಂದು ಕಲ್ಲಿನಲ್ಲಿ ಐದು ಜನರ ಹತ್ತು ದಾನಗಳಿದ್ದರೆ ಅದನ್ನು ಒಂದು ಎಂದು ಎಣಿಸುವುದೋ ಹತ್ತು ಎಂದೋ ಮೊದಲೇ ತೀರ್ಮಾನಿಸಬೇಕು. ಒಡೆದ ಕಲ್ಲಿನಲ್ಲಿ ಅಳಿಸಿಹೋದ ಜಾಗವನ್ನು ಖಾಲಿ ಎಂದೇ ಗುರುತಿಸಬೇಕು; ಊಹೆಯಿಂದ ತುಂಬಿದರೆ ಆ ಊಹೆ ಮುಂದಿನ ಲೆಕ್ಕದಲ್ಲೆಲ್ಲ ಸತ್ಯವಾಗಿ ಓಡಾಡುತ್ತದೆ. ಬೊಮ್ಮಿಸೆಟ್ಟಿ, ಮಲ್ಲಿಸೆಟ್ಟಿ ಎಂಬ ಹೆಸರಿನವರು ಆ ಕಾಲದಲ್ಲಿ ಊರಿಗೊಬ್ಬರಿದ್ದರು. ತಂದೆಯ ಹೆಸರು, ಗುರುವಿನ ಹೆಸರು ಇಲ್ಲದೆ ಅವರನ್ನು ಒಬ್ಬರೆಂದು ಕೂಡಿಸುವುದು ತಪ್ಪಾದೀತು. ಅಮರಾಪುರದ ಕಲ್ಲು ಇವೆರಡನ್ನೂ ಹೇಳಿ ನಮಗೆ ಉಪಕಾರ ಮಾಡಿದೆ.

ಈ ಸೀಮೆಯದೇ ಆದ ಕಷ್ಟ ಇನ್ನೊಂದು ಬಗೆಯದು: ಗಡಿ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು ಮೈಸೂರು ಸಂಸ್ಥಾನಕ್ಕಾಗಿ ಮಾಡಿದರು. ಮಡಕಶಿರಾ, ರಾಯದುರ್ಗ ಮದ್ರಾಸು ಪ್ರೆಸಿಡೆನ್ಸಿಯಲ್ಲಿದ್ದವು. ಹೇಮಾವತಿಯ ಕೆಲವು ಶಾಸನಗಳು ರೈಸರ ತುಮಕೂರು ಸಂಪುಟದಲ್ಲಿ ಸಿರಾ ತಾಲ್ಲೂಕಿನ ಜೊತೆಗೆ ಕೂತಿವೆ. ಮದ್ರಾಸು ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿವೆ. ಅದರ ಮೊದಲ ಭಾಗ 1939ರಲ್ಲಿ ಬಂತು, ಸಂಪಾದಕರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೇ ಇವರು. ವಿ. ರಂಗಾಚಾರ್ಯರು 1919ರಲ್ಲಿ ಪ್ರೆಸಿಡೆನ್ಸಿಯ ಶಾಸನಗಳನ್ನು ಜಿಲ್ಲೆ, ತಾಲ್ಲೂಕು, ಊರಿನ ಪ್ರಕಾರ ಪಟ್ಟಿ ಮಾಡಿ ಮೂರು ಸಂಪುಟ ತಂದರು. ಅಮರಾಪುರ, ಪಾತಶಿವರಂ ಮುಂತಾದ ಕಡೆಯ ಜೈನ ಶಾಸನಗಳ ಅರ್ಥವನ್ನು ಪಿ.ಬಿ. ದೇಸಾಯಿಯವರು 1957ರ ತಮ್ಮ ಗ್ರಂಥದಲ್ಲಿ ಬಿಡಿಸಿದರು. ರಾಯದುರ್ಗದಲ್ಲಿ 1355ರಲ್ಲಿ, ವಿಜಯನಗರದ ಒಂದನೆಯ ಹರಿಹರನ ಕಾಲಕ್ಕೆ, ಭೋಗರಾಜನೆಂಬ ವರ್ತಕ ಶಾಂತಿನಾಥ ಮೂರ್ತಿಯನ್ನು ನಿಲ್ಲಿಸಿದ. ಅಮರಾಪುರದಲ್ಲೂ ರಾಯದುರ್ಗದಲ್ಲೂ ದಾನಿ ವ್ಯಾಪಾರಿ, ಇಬ್ಬರಿಗೂ ಜೈನ ಗುರು, ನಡುವೆ ಎಂಬತ್ತು ವರ್ಷವೂ ಪೂರ್ತಿ ಇಲ್ಲ. ಈ ಎರಡು ಸಾಲನ್ನು ಒಂದೇ ಪುಟದಲ್ಲಿ ನೋಡಬೇಕೆಂದರೆ ಓದುಗರು ಬೇರೆ ಬೇರೆ ಪುಸ್ತಕಗಳನ್ನು ತೆರೆಯಬೇಕು.

ಆಡಳಿತದ ಗಡಿಯೂ ಒಂದೇ ಕಡೆ ನಿಂತಿಲ್ಲ. 1882ರಲ್ಲಿ ಬಳ್ಳಾರಿಯಿಂದ ಒಡೆದು ಅನಂತಪುರ ಜಿಲ್ಲೆ ಆಯಿತು, ಮಡಕಶಿರಾ ಅಲ್ಲಿಗೆ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು. ‘ಜಿಲ್ಲೆ’ ಎಂಬ ಕಾಲಮ್ಮಿನ ಮೇಲೆ ನಂಬಿಕೆಯಿಟ್ಟು ಹುಡುಕಿದರೆ ಈ ಸೀಮೆಯ 1904ರ ದಾಖಲೆ ಒಂದು ಕಡೆ, 1960ರ ದಾಖಲೆ ಇನ್ನೊಂದು ಕಡೆ, ಇಂದಿನದು ಮತ್ತೊಂದು ಕಡೆ ಸಿಗುತ್ತದೆ. ಊರಿನ ಹೆಸರಿನಿಂದ ಹುಡುಕಿದರೂ ಪೆಂಜೆರು, ಹೆಂಜೆರು, ಹೇಮಾವತಿ ಮೂರೂ ಒಂದೇ ಎಂದು ಕಂಪ್ಯೂಟರಿಗೆ ಯಾರಾದರೂ ಹೇಳಬೇಕು. ಅದನ್ನು ಹೇಳಬಲ್ಲವರು ಕನ್ನಡವನ್ನೂ ತೆಲುಗನ್ನೂ ಮನೆಯಲ್ಲಿ ಆಡುವ, ರೊಳ್ಳೆ, ಅಗಳಿ, ಗುಡಿಬಂಡೆ, ಅಮರಾಪುರದ ಜನ. ಈ ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ.

ದಾನದ ದಾಖಲೆ ಇಂದಿಗೂ ಜೀವಂತ. ಇನಾಮುಗಳನ್ನು 1956ರ ಕಾನೂನು ರದ್ದುಪಡಿಸಿತು, ದೇವಸ್ಥಾನಗಳ ಆಸ್ತಿ ಆಂಧ್ರದ 1987ರ ಧರ್ಮಾದಾಯ ಕಾನೂನಿನಡಿ ಬಂತು. ನೋಂದಣಿ ಕಾನೂನಿನ 22-ಎ ಪಟ್ಟಿಯಲ್ಲಿ ದೇವಸ್ಥಾನ, ವಕ್ಫ್ ಭೂಮಿಯ ಸರ್ವೆ ನಂಬರುಗಳಿವೆ. ಆ ಭೂಮಿಯನ್ನು ಯಾರಾದರೂ ಮಾರಲು ಬಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರ್ ತಡೆಯುತ್ತದೆ. ಹಿಂದೆ ಕಲ್ಲಿನ ಶಾಪ ಮಾಡಬೇಕಿದ್ದ ಕೆಲಸವನ್ನು ಈಗ ಒಂದು ಕ್ವೆರಿ ಮಾಡುತ್ತದೆ. ಅದು ಸರಿಯಾಗಿ ನಡೆಯಬೇಕಾದರೆ ಪಟ್ಟಿ ಸರಿಯಾಗಿರಬೇಕು. ಒಂದು ಅಂಕಿ ತಪ್ಪಿದರೆ ಬಡ ರೈತನ ಸ್ವಂತ ಹೊಲ ಪಟ್ಟಿಯೊಳಗೆ ಬೀಳುತ್ತದೆ, ಅಥವಾ ಗುಡಿಯ ತೋಟ ಪಟ್ಟಿಯಿಂದ ಹೊರಗೆ ಹೋಗುತ್ತದೆ.

ಬೆಂಗಳೂರಿನ ಸುತ್ತಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು 2021ರಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಸ್ಥಳದ ಗುರುತಿನೊಂದಿಗೆ ದಾಖಲಿಸುತ್ತಿದ್ದಾರೆ. ಗಡಿಯಾಚೆಯ ಕನ್ನಡ ಕಲ್ಲುಗಳಿಗೂ ಇದೇ ಕೆಲಸ ಆಗಬೇಕು. ರಾಯದುರ್ಗ, ಮಡಕಶಿರಾ ಸೀಮೆಯ ದಾನಶಾಸನಗಳು, ಇನಾಂ ರಿಜಿಸ್ಟರಿನ ನಮೂದುಗಳು, ಇಂದಿನ ಸರ್ವೆ ನಂಬರುಗಳು ಒಂದೇ ಕಡೆ ಜೋಡಿಯಾಗಬೇಕು. ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳು ಕೂಡಿ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಇದು.

ಅದಕ್ಕೆ ಮುಂಚೆ ಊರಿನವರು ಮಾಡಬಹುದಾದದ್ದೂ ಇದೆ. ಕೆರೆಯ ಏರಿ ಎತ್ತರಿಸುವಾಗ, ರಸ್ತೆ ಅಗಲ ಮಾಡುವಾಗ, ಗುಡಿಯನ್ನು ಹೊಸದಾಗಿ ಕಟ್ಟುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಜಾಗದಿಂದ ಕೀಳುವ ಮುಂಚೆ ಫೋಟೋ ತೆಗೆಯಿರಿ. ಅದು ಯಾರ ಹೊಲದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಎಂದು ಬರೆದಿಟ್ಟುಕೊಳ್ಳಿ. ಬಣ್ಣ ಬಳಿಯಬೇಡಿ, ಸುಣ್ಣ ಹಚ್ಚಬೇಡಿ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ಒಂದು ಕಾಗದ ಬರೆಯಿರಿ. ಸವೆದ ಅಕ್ಷರವನ್ನು ವಿದ್ವಾಂಸರು ಓದಬಲ್ಲರು, ಅಳತೆಯನ್ನು ಪಂಡಿತರು ಬಿಡಿಸಬಲ್ಲರು. ಕಲ್ಲು ಎಲ್ಲಿತ್ತು ಎಂಬುದನ್ನು ಊರಿನವರಲ್ಲದೆ ಬೇರೆ ಯಾರೂ ಹೇಳಲಾರರು.